ಮುಂಡಗೋಡದ ಮಂದ್ರಸ್ಥಾಯಿ

ಧ್ಯಾನಕ್ಕೆ ಹೊಂದುವ ಸಂಗೀತವೆಂದರೆ ಮೆಲುದನಿಯದು, ಕೊಳಲಿನದು, ಹಿಂದೆಲ್ಲೋ ನೀರು ಜುಳುಜುಳು ಎನ್ನುವಂಥದ್ದು ಎಂದು ನಂಬಿಕೊಂಡು ಉತ್ತರ ಕನ್ನಡದ ಮುಂಡಗೋಡದಲ್ಲಿರುವ ಟಿಬೆಟಿಯನ್ ಭಿಕ್ಷುಗಳ ಲಾಮಾ ಕ್ಯಾಂಪಿಗೆ ಹೋದವರು ಮೊದಲ ಐದು ನಿಮಿಷಕ್ಕೇ ಬೆಚ್ಚಿಬೀಳುತ್ತಾರೆ. ಪೂಜೆಯ ಹೊತ್ತಿಗೆ ಪ್ರಾರ್ಥನಾ ಮಂದಿರದೊಳಗೆ ಆಳೆತ್ತರ ಮೀರಿದ ಕಹಳೆಗಳು ಗುಡುಗುತ್ತವೆ. ತಾಳಗಳ ಪೆಟ್ಟು ಎದೆಗೇ ಬಡಿಯುತ್ತದೆ. ದಂಡಕ್ಕೆ ಸಿಕ್ಕಿಸಿದ ದೊಡ್ಡ ನಗಾರಿಯ ಮೇಲೆ ಬಾಗಿದ ಕೋಲು ಬೀಳುತ್ತದೆ. ಹೊರಗಿನ ಅಂಗಳದಲ್ಲಿ ತರ್ಕಕ್ಕೆ ನಿಂತ ಎಳೆಯ ಭಿಕ್ಷುಗಳು ಪ್ರಶ್ನೆ ಎಸೆದಾಗಲೆಲ್ಲ ಕಾಲು ಅಪ್ಪಳಿಸಿ ಚಪ್ಪಾಳೆ ತಟ್ಟುತ್ತಾರೆ. ಮೌನ ಹುಡುಕಿಕೊಂಡು ಬಂದವರಿಗೆ ಸಂತೆಗೆ ಬಂದಂತಾಗುತ್ತದೆ.

ವಿಚಿತ್ರವೆಂದರೆ, ಕಳೆದ ಅರುವತ್ತು-ಎಪ್ಪತ್ತು ವರ್ಷಗಳಲ್ಲಿ ನಿಸರ್ಗ, ಮೌನ, ಬೌದ್ಧ ಧ್ಯಾನ ಎಂದು ಹೊರಟ ಪಾಶ್ಚಾತ್ಯ ಚೇಂಬರ್ ಸಂಗೀತಗಾರರಲ್ಲಿ ಹಲವರು ಕಿವಿಗೊಟ್ಟದ್ದು ಇಂಥ ಗದ್ದಲಕ್ಕೇ. ಚೇಂಬರ್ ಸಂಗೀತವೆಂದರೆ ಗಾಬರಿಯಾಗಬೇಕಿಲ್ಲ. ಧಾರವಾಡದ ಹಳೆಯ ಬೈಠಕ್ಕುಗಳ ಹಾಗೆಯೇ ಅದು: ಸಣ್ಣ ಕೋಣೆ, ಕೈಬೆರಳೆಣಿಕೆಯ ವಾದಕರು, ಉಸಿರು ಕೇಳುವಷ್ಟು ಹತ್ತಿರ ಕುಳಿತ ಶ್ರೋತೃಗಳು. ಅಂಥ ಕೋಣೆಗೂ ಮುಂಡಗೋಡದ ಮಂದಿರಕ್ಕೂ ಇರುವ ನಂಟು ಮೊಬೈಲಿನಲ್ಲಿ ಸಿಗುವ ‘ಮೆಡಿಟೇಶನ್ ಮ್ಯೂಸಿಕ್’ನಿಂದ ಬಂದದ್ದಲ್ಲ. ಅದು ಬಂದದ್ದು ಒಂದೇ ಒಂದು ಸ್ವರದ ಹೊಟ್ಟೆಯೊಳಗಿಂದ.

ಮೊದಲು ಊರಿನ ಕಥೆ. 1959ರಲ್ಲಿ ಟಿಬೆಟ್ ಬಿಟ್ಟು ಬಂದ ಭಿಕ್ಷುಗಳಲ್ಲಿ ಸಾವಿರಕ್ಕೂ ಹೆಚ್ಚು ಮಂದಿಯನ್ನು ಪಶ್ಚಿಮ ಬಂಗಾಳದ ಬಕ್ಸಾದಲ್ಲಿ, ಬ್ರಿಟಿಷರ ಕಾಲದ ಬಂದೀಖಾನೆಯಲ್ಲಿ ಇಡಲಾಗಿತ್ತು. ಸೆಕೆ, ಕ್ಷಯ, ಇಕ್ಕಟ್ಟು. ಅಲ್ಲೇ ಪಾಠ ನಡೆಯಿತು, ಅಲ್ಲೇ ಹಲವರು ತೀರಿಕೊಂಡರು. ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದಾಗ ಮೈಸೂರು ರಾಜ್ಯ ಟಿಬೆಟಿಯನ್ನರಿಗೆ ಜಮೀನು ಕೊಟ್ಟಿತು. ಮುಂಡಗೋಡದ ವಸಾಹತು ಶುರುವಾದದ್ದು 1966ರಲ್ಲಿ. 1969ರ ಹೊತ್ತಿಗೆ ಬಕ್ಸಾದಿಂದ ಗಾಂಡೆನ್ ಮತ್ತು ಡ್ರೆಪುಂಗ್ ಮಠಗಳ ಭಿಕ್ಷುಗಳು ಬಂದಿಳಿದರು. ಲ್ಹಾಸಾದ ಹತ್ತಿರ ಗಾಂಡೆನ್ ಸ್ಥಾಪನೆಯಾದದ್ದು 1409ರಲ್ಲಿ, ಡ್ರೆಪುಂಗ್ 1416ರಲ್ಲಿ. ಐನೂರೈವತ್ತು ವರ್ಷ ಹಿಮದಲ್ಲಿ ಬೆಳೆದ ಮಠಗಳು ಕಾಡು ಕಡಿದು, ಗೋವಿನಜೋಳ ಬಿತ್ತಿ, ಮಲೆನಾಡಿನ ಸೆರಗಿನ ಮಳೆಗೆ ಒಗ್ಗಿಕೊಂಡವು. ಇಂದಿಗೂ ಊರವರ ಬಾಯಲ್ಲಿ ಗಾಂಡೆನ್ ಇರುವುದು ಒಂದನೇ ಲಾಮಾ ಕ್ಯಾಂಪು, ಡ್ರೆಪುಂಗ್ ಇರುವುದು ಎರಡನೇ ಲಾಮಾ ಕ್ಯಾಂಪು.

ಈ ಸೀಮೆಗೆ ಬೌದ್ಧರು ಹೊಸಬರೇನಲ್ಲ. ಅಶೋಕನ ಕಾಲದಲ್ಲಿ ರಕ್ಖಿತ ಎಂಬ ಥೇರನನ್ನು ವನವಾಸಕ್ಕೆ ಕಳಿಸಲಾಯಿತು ಎಂದು ಸಿಂಹಳದ ‘ಮಹಾವಂಸ’ ಹೇಳುತ್ತದೆ. ಆ ವನವಾಸವೇ ಪಕ್ಕದ ಶಿರಸಿ ತಾಲ್ಲೂಕಿನ ಬನವಾಸಿ.

ಇಲ್ಲೊಂದು ತೊಡಕಿದೆ. ಬೌದ್ಧ ಭಿಕ್ಷುವಿಗೆ ಹಾಡು, ಕುಣಿತ, ವಾದ್ಯ ನಿಷಿದ್ಧ. ದೀಕ್ಷೆಯ ನಿಯಮಗಳಲ್ಲೇ ಅದು ಸೇರಿದೆ. ಹಾಗಾದರೆ ಆ ಕಹಳೆ, ನಗಾರಿ? ಅವು ಕೇಳುಗನ ಸುಖಕ್ಕಲ್ಲ, ಬುದ್ಧನಿಗೆ ಅರ್ಪಣೆ ಎಂಬುದು ಸಂಪ್ರದಾಯದ ಉತ್ತರ. ಧೂಪ, ದೀಪ, ನೀರು ಇಟ್ಟ ಹಾಗೆ ಶಬ್ದವನ್ನೂ ಇಡುವುದು. ಈ ಉತ್ತರವನ್ನು ಶಾಸ್ತ್ರದ ಜಾಣ್ಮೆ ಎಂದು ತಳ್ಳಿಹಾಕಿದರೆ ಮುಖ್ಯವಾದದ್ದೇ ಕೈತಪ್ಪುತ್ತದೆ. ಮೆಚ್ಚಿಸುವ ಹಂಗಿಲ್ಲದ ಸಂಗೀತಕ್ಕೆ ರಾಗ ಬೇಕಿಲ್ಲ, ಏರಿಳಿತದ ನಾಟಕ ಬೇಕಿಲ್ಲ, ಚಪ್ಪಾಳೆ ಬೀಳುವ ತಿಹಾಯಿಯಂತೂ ಬೇಡವೇ ಬೇಡ. ಅದು ಒಂದೇ ನಾದದಲ್ಲಿ ಅರ್ಧ ತಾಸು ಇರಬಲ್ಲದು.

ವಾದ್ಯಗಳನ್ನು ನೋಡಿ. ಉದ್ದ ಕಹಳೆಗೆ ದುಂಗ್‌ಚೆನ್ ಎಂದು ಹೆಸರು. ಒಂದರೊಳಗೊಂದು ಸೇರಿಕೊಳ್ಳುವ ಕೊಳವೆಗಳು, ಎಳೆದರೆ ಹತ್ತಡಿಗೂ ಹೋಗುತ್ತವೆ. ಯಾವಾಗಲೂ ಜೋಡಿಯಲ್ಲೇ ಊದುತ್ತಾರೆ. ಒಬ್ಬ ಉಸಿರೆಳೆದುಕೊಳ್ಳುವಾಗ ಇನ್ನೊಬ್ಬ ಹಿಡಿದಿರುತ್ತಾನಾದ್ದರಿಂದ ನಾದ ತುಂಡಾಗುವುದಿಲ್ಲ. ಗ್ಯಾಲಿಂಗ್ ಎಂಬುದು ನಮ್ಮ ಸನಾದಿಯ ದಾಯಾದಿ. ಕೆನ್ನೆಯಲ್ಲಿ ಗಾಳಿ ತುಂಬಿಕೊಂಡು ಮೂಗಿನಿಂದ ಉಸಿರೆಳೆಯುವ ಅದೇ ವಿದ್ಯೆ ಅಲ್ಲೂ ಇದೆ. ಇನ್ನು ರೊಲ್ಮೊ, ನಡುವೆ ದೊಡ್ಡ ಗುಬ್ಬಿ ಇರುವ ತಾಳದ ಜೋಡಿ. ಈ ಮಾತಿಗೆ ಟಿಬೆಟಿಯನ್ ಭಾಷೆಯಲ್ಲಿ ವಾದ್ಯಸಂಗೀತ ಎಂಬ ಅರ್ಥವೂ ಇದೆ. ಅದರ ಪೆಟ್ಟುಗಳಲ್ಲಿ ಒಂದು ಬಗೆ, ಕೈಜಾರಿದ ಊಟದ ತಟ್ಟೆ ನೆಲದ ಮೇಲೆ ತಿರುಗಿ ತಿರುಗಿ ನಿಲ್ಲುವಂತೆ. ಮೊದಲು ನಿಧಾನ ಮತ್ತು ಜೋರು, ಆಮೇಲೆ ಚುರುಕು ಮತ್ತು ಸಣ್ಣ, ಕೊನೆಗೆ ಎಲ್ಲಿ ಮುಗಿಯಿತು ಎಂದು ತಿಳಿಯದ ಕಂಪನ. ನಮ್ಮ ಆವರ್ತನದ ಲೆಕ್ಕಕ್ಕೆ ಇದು ದಕ್ಕುವುದಿಲ್ಲ.

ಹಾಡಿಕೆಯ ಬರವಣಿಗೆಯೂ ಬೇರೆ. ‘ಯಾಂಗ್’ ಎಂಬ ವಿಳಂಬ ಪಠಣದ ಪುಸ್ತಕಗಳಲ್ಲಿ ಸ್ವರಾಕ್ಷರಗಳಿರುವುದಿಲ್ಲ. ಬಳ್ಳಿಯಂತೆ ಬಾಗುವ, ಉಬ್ಬುವ, ತೆಳುವಾಗುವ ಗೆರೆಗಳಿರುತ್ತವೆ. ದನಿ ಎಲ್ಲಿ ದಪ್ಪಗಾಗಬೇಕು, ಎಲ್ಲಿ ಜಾರಬೇಕು ಎಂಬುದನ್ನು ಆ ಗೆರೆ ತೋರಿಸುತ್ತದೆ. ಉಳಿದದ್ದು ಗುರುವಿನ ಬಾಯಿಂದಲೇ ಬರಬೇಕು. ಕ್ರಿ.ಶ. 1950ರ ನಂತರ ಅಮೆರಿಕ, ಯುರೋಪಿನ ಸಂಗೀತಗಾರರು ಐದು ಗೆರೆಯ ಸ್ವರಲಿಪಿ ಬಿಟ್ಟು ಚಿತ್ರ ಬರೆದು ನುಡಿಸಹೊರಟಾಗ ಅದು ಭಾರೀ ಕ್ರಾಂತಿಯೆಂದು ಸುದ್ದಿಯಾಯಿತು. ಮಠದ ಮರಿಭಿಕ್ಷುವಿಗೆ ಅದು ಬೆಳಗಿನ ಪಾಠ.

ಈಗ ಆ ಸ್ವರದ ವಿಷಯ. 1964ರಲ್ಲಿ ಹ್ಯೂಸ್ಟನ್ ಸ್ಮಿತ್ ಎಂಬ ಅಮೆರಿಕದ ಧರ್ಮಶಾಸ್ತ್ರ ವಿದ್ವಾಂಸ ಹಿಮಾಲಯದ ತಪ್ಪಲಿನಲ್ಲಿ ಗ್ಯುತೋ ತಾಂತ್ರಿಕ ಮಠದ ಭಿಕ್ಷುಗಳ ಜೊತೆ ಉಳಿದಿದ್ದರು. ನಸುಕಿನ ಪಠಣದಲ್ಲಿ ಹಲವು ಸ್ವರಗಳು ಒಟ್ಟಿಗೆ ಕೇಳಿದವು. ಇಷ್ಟು ಜನ ಸೇರಿ ಹಾಡಿದರೆ ಕೇಳದೆ ಏನು ಎಂದುಕೊಂಡರು. ಆದರೆ ಎಲ್ಲರೂ ನಿಲ್ಲಿಸಿ ಒಬ್ಬ ಭಿಕ್ಷು ಮಾತ್ರ ಹಾಡಿದಾಗಲೂ ಅಷ್ಟೂ ಸ್ವರಗಳು ಹಾಗೇ ಇದ್ದವು! ಧ್ವನಿಮುದ್ರಿಕೆಯನ್ನು ಹೊತ್ತು ಎಂಐಟಿಗೆ ಮರಳಿದ ಸ್ಮಿತ್, ಧ್ವನಿವಿಜ್ಞಾನಿ ಕೆನೆತ್ ಸ್ಟೀವನ್ಸ್ ಮತ್ತು ಯುವಕ ರೇಮಂಡ್ ಟಾಮ್ಲಿನ್ಸನ್ ಜೊತೆ ಸೇರಿ 1967ರಲ್ಲಿ ಅಮೆರಿಕದ ಧ್ವನಿವಿಜ್ಞಾನ ಸಂಘದ ಪತ್ರಿಕೆಯಲ್ಲಿ ಪ್ರಬಂಧ ಪ್ರಕಟಿಸಿದರು. (ಈ ಟಾಮ್ಲಿನ್ಸನ್ ನಾಲ್ಕು ವರ್ಷದ ನಂತರ ಇ-ಮೇಲ್ ವಿಳಾಸದ ನಡುವೆ @ ಚಿಹ್ನೆ ಇಟ್ಟವರು. ಲಾಮಾಗಳ ಗಂಟಲಿನಿಂದ ಇ-ಮೇಲಿಗೆ ಹೋದ ಇನ್ನೊಬ್ಬರು ಸಿಗಲಿಕ್ಕಿಲ್ಲ.)

ಗುಟ್ಟು ಇಷ್ಟು. ಗಂಟಲಿನ ನಿಜವಾದ ಧ್ವನಿತಂತುಗಳ ಮೇಲೆ ಇನ್ನೊಂದು ಜೊತೆ ಮಡಿಕೆಗಳಿವೆ. ಮಾತಾಡುವಾಗ ಅವಕ್ಕೆ ಕೆಲಸವಿಲ್ಲ. ಭಿಕ್ಷು ವರ್ಷಗಟ್ಟಲೆ ಅಭ್ಯಾಸ ಮಾಡಿ ಅವನ್ನೂ ಅರ್ಧ ವೇಗದಲ್ಲಿ ಕಂಪಿಸುವಂತೆ ಮಾಡುತ್ತಾನೆ. ಆಗ ಸ್ವರ ಒಂದು ಸ್ಥಾಯಿ ಕೆಳಗಿಳಿಯುತ್ತದೆ. ಗಂಡಸಿನ ಮಾತಿನ ಶ್ರುತಿ ಸಾಮಾನ್ಯವಾಗಿ 100ರಿಂದ 120 ಹರ್ಟ್ಸ್ ಇದ್ದರೆ ಇದು 60-70ರ ಆಸುಪಾಸು. ಅಷ್ಟು ಕೆಳಗಿನ ಷಡ್ಜದ ಮೇಲೆ ಉಪಸ್ವರಗಳು ಒತ್ತೊತ್ತಾಗಿ ಏಳುತ್ತವೆ. ಬಾಯಿಯ ಆಕಾರ ಬದಲಿಸಿ ಅವುಗಳಲ್ಲಿ ಬೇಕಾದದ್ದನ್ನು ಎತ್ತಿ ಹಿಡಿಯಬಹುದು. ಸ್ಮಿತ್ ತಂಡ ಅಳೆದಾಗ ಎದ್ದು ಕಂಡದ್ದು ಐದನೆಯ ಮತ್ತು ಹತ್ತನೆಯ ಉಪಸ್ವರ.

ಧಾರವಾಡದ ಸಂಗೀತ ಕೇಳಿ ಬೆಳೆದವರು ಇಲ್ಲಿ ಕಿವಿ ನಿಮಿರಿಸಬೇಕು. ಐದನೆಯ ಉಪಸ್ವರವೆಂದರೆ ಗಾಂಧಾರ. ಹಿಂದೂಸ್ತಾನಿಯವರ ಶುದ್ಧ ಗಾಂಧಾರ, ಕರ್ನಾಟಕ ಸಂಗೀತದವರ ಅಂತರ ಗಾಂಧಾರ, ಷಡ್ಜದಿಂದ ಎರಡು ಸ್ಥಾಯಿ ಮೇಲೆ. ಹತ್ತನೆಯದು ಅದೇ ಗಾಂಧಾರ, ಇನ್ನೊಂದು ಸ್ಥಾಯಿ ಮೇಲೆ. ಚೆನ್ನಾಗಿ ಶ್ರುತಿ ಮಾಡಿದ ತಂಬೂರಿಯ ಖರ್ಜದ ತಂತಿಯಿಂದ ಯಾರೂ ಮೀಟದ ಗಾಂಧಾರ ತಾನಾಗಿ ಏಳುತ್ತದಲ್ಲ, ಸ್ವಯಂಭೂ ಗಾಂಧಾರವೆಂದು ಉಸ್ತಾದರು ಹೇಳುವುದು, ಅದೇ ಇದು. ನಮ್ಮವರು ಅದನ್ನು ಸೇತುವೆಗೆ ನೂಲು ಸಿಕ್ಕಿಸಿ ತಂತಿಯಲ್ಲಿ ಎಬ್ಬಿಸಿದರು, ಭಿಕ್ಷುಗಳು ಗಂಟಲಿನಲ್ಲಿ ಎಬ್ಬಿಸಿದರು. ಹಾರ್ಮೋನಿಯಂನ ಗಾಂಧಾರ ಇದಕ್ಕಿಂತ ಕೂದಲೆಳೆಯಷ್ಟು ಏರು, ಆದ್ದರಿಂದ ಎರಡೂ ಎಂದೂ ಬೆರೆಯುವುದಿಲ್ಲ.

ತಂಬೂರಿಯ ಹೊಟ್ಟೆಯೊಳಕ್ಕೆ ಕಿವಿಯಿಡುವುದರಲ್ಲಿ ಕಿರಾನಾ ಘರಾಣೆಯವರು ಎತ್ತಿದ ಕೈ. ಅಬ್ದುಲ್ ಕರೀಂ ಖಾನರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವರು ಈ ಘರಾಣೆಯನ್ನು ಹುಬ್ಬಳ್ಳಿ ಸೀಮೆಯದನ್ನಾಗಿ ಮಾಡಿದರು. ಅದೇ ಮನೆತನದ ಇನ್ನೊಂದು ಕವಲು ಅಬ್ದುಲ್ ವಾಹಿದ್ ಖಾನರದು. ಅವರ ಶಿಷ್ಯ ಪಂಡಿತ್ ಪ್ರಾಣನಾಥ್ 1970ರಲ್ಲಿ ಅಮೆರಿಕಕ್ಕೆ ಹೋದರು. ಅಲ್ಲಿನ ಸಂಗೀತ ರಚನಕಾರರಾದ ಲಾ ಮಾಂಟೆ ಯಂಗ್, ಟೆರ್ರಿ ರೈಲಿ ಅವರ ಕಾಲಬಳಿ ಕುಳಿತು ಷಡ್ಜ ಹಿಡಿಯುವುದನ್ನು ಕಲಿತರು. ಆ ರೈಲಿಯೇ ಮುಂದೆ ಕ್ರೋನೋಸ್ ಎಂಬ ನಾಲ್ವರ ತಂಡಕ್ಕೆ, ಎರಡು ಪಿಟೀಲು, ಒಂದು ವಯೋಲಾ, ಒಂದು ಚೆಲ್ಲೋಗೆ, ‘ಸಲೋಮೆ ಡಾನ್ಸಸ್ ಫಾರ್ ಪೀಸ್’ನಂಥ ಕೃತಿಗಳನ್ನು ಬರೆದರು. ಕುಂದಗೋಳದ ವಾಡೆಯಲ್ಲಿ ಕೇಳಿದ ವಿಳಂಬ ಆಲಾಪದ ಸೋದರಸಂಬಂಧಿಯೊಂದು ಹೀಗೆ ಕ್ಯಾಲಿಫೋರ್ನಿಯಾದ ಸ್ಟ್ರಿಂಗ್ ಕ್ವಾರ್ಟೆಟ್ ಸೇರಿತು.

ಆದರೆ ಟಿಬೆಟಿಯನ್ ಧ್ಯಾನವನ್ನು ಚೇಂಬರ್ ಸಂಗೀತಕ್ಕೆ ತಂದವರಲ್ಲಿ ಒಬ್ಬರನ್ನೇ ಆರಿಸಬೇಕೆಂದರೆ ಪ್ಯಾರಿಸ್ಸಿನ ಎಲಿಯಾನ್ ರಾಡಿಗ್. 1932ರಲ್ಲಿ ಹುಟ್ಟಿದವರು. ಮೊದಲು ಸಿಂಥಸೈಜರ್ ಯಂತ್ರವೊಂದರ ಮುಂದೆ ಒಬ್ಬರೇ ಕುಳಿತು, ಬದಲಾಗುತ್ತಿದೆಯೋ ಇಲ್ಲವೋ ಎಂದು ಅನುಮಾನ ಬರುವಷ್ಟು ನಿಧಾನವಾಗಿ ಸರಿಯುವ ನಾದಗಳನ್ನು ಟೇಪಿಗೆ ಹಾಕುತ್ತಿದ್ದರು. 1970ರ ದಶಕದ ಮಧ್ಯದಲ್ಲಿ ಟಿಬೆಟಿಯನ್ ಬೌದ್ಧ ಮಾರ್ಗ ಹಿಡಿದು, ಫ್ರಾನ್ಸಿನಲ್ಲಿ ನೆಲೆಸಿದ್ದ ಪಾವೊ ರಿನ್‌ಪೋಚೆಯವರ ಶಿಷ್ಯೆಯಾಗಿ ಕೆಲವು ವರ್ಷ ಸಂಗೀತವನ್ನೇ ಬಿಟ್ಟರು. ಮರಳಿ ಯಂತ್ರದ ಮುಂದೆ ಕೂರಿಸಿದವರೂ ಆ ಗುರುವೇ. ಆಮೇಲೆ ಬಂದದ್ದು 1983ರ ‘ಸಾಂಗ್ಸ್ ಆಫ್ ಮಿಲರೇಪ’. ಮಿಲರೇಪ ನಮ್ಮ ಶರಣರಿಗಿಂತ ತುಸು ಹಿಂದಿನವನು, ಗುಹೆಯಲ್ಲಿ ಕುಳಿತು ಹಾಡು ಕಟ್ಟಿದ ಯೋಗಿ. ಬಳಿಕ ‘ಬಾರ್ದೊ ಥೋದೊಲ್’, ಅಂದರೆ ಸಾವು ಮತ್ತು ಮರುಹುಟ್ಟಿನ ನಡುವಿನ ಸ್ಥಿತಿಯ ಗ್ರಂಥವನ್ನು ಆಧರಿಸಿ, ಸುಮಾರು ಮೂರು ತಾಸಿನ ‘ಟ್ರಿಲಜಿ ದೆ ಲಾ ಮೊರ್’ ಮಾಡಿದರು. ಅದರ ಕೆಲಸ ನಡೆದಿದ್ದಾಗಲೇ ಮಗ ತೀರಿಕೊಂಡ.

ಎಪ್ಪತ್ತು ದಾಟಿದ ಮೇಲೆ ರಾಡಿಗ್ ಯಂತ್ರ ಬಿಟ್ಟು ಮನುಷ್ಯರ ಕಡೆ ತಿರುಗಿದರು. 2005ರಲ್ಲಿ ಚೆಲ್ಲೋ ವಾದಕ ಚಾರ್ಲ್ಸ್ ಕರ್ಟಿಸ್ ಜೊತೆ ‘ನಾಲ್ಜೊರ್ಲಾಕ್’ ಸಿದ್ಧವಾಯಿತು. ಹೆಸರಿನಲ್ಲಿ ‘ನಾಲ್ಜೊರ್’ ಇದೆ, ಯೋಗಕ್ಕೆ ಟಿಬೆಟಿಯನ್ ಮಾತು. ಚೆಲ್ಲೋದಲ್ಲಿ ಒಂದು ಸ್ವರ ಇರುತ್ತದೆ, ಅದನ್ನು ನುಡಿಸಿದರೆ ವಾದ್ಯದ ಮರದ ಒಡಲೇ ತಂತಿಯ ಮೇಲೆ ಜಗಳಕ್ಕೆ ಬಿದ್ದಂತೆ ನಡುಗಿ ಊಳಿಡುತ್ತದೆ. ವಾದಕರು ಅದಕ್ಕೆ ‘ತೋಳ’ ಎನ್ನುತ್ತಾರೆ. ಎಲ್ಲರೂ ತಪ್ಪಿಸಿಕೊಂಡು ಓಡುವ ಸ್ವರ. ರಾಡಿಗ್ ಇಡೀ ವಾದ್ಯವನ್ನು ಆ ತೋಳಕ್ಕೇ ಶ್ರುತಿ ಮಾಡಿಸಿ, ಕೃತಿಯನ್ನು ಅದರ ಬಾಯೊಳಗೇ ಕಟ್ಟಿದರು. ರಾಗವಿಲ್ಲ, ತಾಳವಿಲ್ಲ. ಕಮಾನು ನಿಧಾನಕ್ಕೆ ಸರಿಯುತ್ತಿದ್ದಂತೆ ಒಂದೇ ಸ್ವರದ ಒಳಗೆ ಬೇರೆ ಬೇರೆ ಸ್ವರಗಳು ಹೊಳೆದು ಅಡಗುತ್ತವೆ. ಮುಂಡಗೋಡದ ಪಠಣ ಕೇಳಿದ ಕಿವಿಗೆ ಇದರ ಗುರುತು ಸಿಗುತ್ತದೆ. ಆದರೆ ಕಹಳೆಯ ಅನುಕರಣೆ ಇಲ್ಲ, ಮಂತ್ರದ ತುಣುಕಿಲ್ಲ, ಘಂಟೆ ಇಲ್ಲ.

2011ರಿಂದ ಅವರು ತೊಡಗಿದ ‘ಆಕಮ್ ಓಶನ್’ ಮಾಲೆ ಇನ್ನೂ ಮುಂದಿನ ಹೆಜ್ಜೆ. ಇಲ್ಲಿ ಬರೆದ ಸ್ವರಲಿಪಿಯೇ ಇಲ್ಲ. ವಾದಕ ಪ್ಯಾರಿಸ್ಸಿನ ಅವರ ಮನೆಗೆ ಹೋಗಬೇಕಿತ್ತು. ಇಬ್ಬರೂ ಕೂಡಿ ನೀರಿನ ಒಂದು ಚಿತ್ರವನ್ನು, ಹೊಳೆಯೋ ಅಲೆಯೋ ಯಾವುದೋ ಒಂದನ್ನು, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಿತ್ತು. ಆಡಿ ಕೇಳಿ ತಿದ್ದಿ ಕೃತಿ ರೂಪಗೊಳ್ಳುತ್ತಿತ್ತು, ಬಾಯಿಂದ ಕಿವಿಗೆ. ಮುಂದೆ ಬೇರೆಯವರಿಗೆ ಕಲಿಸುವ ಹಕ್ಕೂ ಹೊಣೆಯೂ ಆ ವಾದಕನದೇ. ಗುರುಕುಲವನ್ನು ಹಳತೆಂದು ಮೂಲೆಗೆ ಸರಿಸಿದವರು ಇದನ್ನು ಗಮನಿಸಬೇಕು.

ಬ್ರಿಟನ್ನಿನ ಜೊನಾಥನ್ ಹಾರ್ವೆ (1939-2012) ಅವರದು ಇನ್ನೊಂದು ದಾರಿ. 1998ರ ‘ಟ್ರಾಂಕ್ವಿಲ್ ಅಬೈಡಿಂಗ್’ ಎಂಬ ಚೇಂಬರ್ ಆರ್ಕೆಸ್ಟ್ರಾ ಕೃತಿಯ ಹೆಸರು ಶಮಥ ಧ್ಯಾನದ ಅನುವಾದ, ಅದರ ನಡೆ ಒಳಹೊರಗಿನ ಉಸಿರು. 2006ರ ‘ಬಾಡಿ ಮಂಡಲ’ದಲ್ಲಿ ಟಿಬೆಟಿಯನ್ ಮಠಗಳ ಶುದ್ಧಿವಿಧಿಯ ಆರ್ಭಟವನ್ನು ದೊಡ್ಡ ಆರ್ಕೆಸ್ಟ್ರಾದಿಂದ ಹೊರಡಿಸಲು ನೋಡಿದರು. ಹಿತ್ತಾಳೆಯ ವಾದ್ಯಗಳು ಅಬ್ಬರಿಸುತ್ತವೆ, ಮೈ ಜುಮ್ಮೆನ್ನುತ್ತದೆ, ನಿಜ. ಆದರೂ ಉಸಿರಿನ ಕೃತಿಯೇ ಮನಸ್ಸಿನಲ್ಲಿ ಉಳಿಯುವುದು. ಮಠದ ಸದ್ದನ್ನು ಹೊರಗಿನಿಂದ ನಕಲಿಸುವುದಕ್ಕೂ ಮಠದ ಹಾಗೆ ಕೇಳುವುದಕ್ಕೂ ಅಂತರ ದೊಡ್ಡದು.

ಮಾರುಕಟ್ಟೆಯಲ್ಲಿ ‘ಟಿಬೆಟಿಯನ್ ಸಿಂಗಿಂಗ್ ಬೌಲ್’ ಎಂದು ಮಾರುವ ಕಂಚಿನ ಬಟ್ಟಲಿನ ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು. ಮಠದ ಪೂಜೆಯ ವಾದ್ಯಗಳಲ್ಲಿ ಅದಿಲ್ಲ. 1972ರಲ್ಲಿ ಹೆನ್ರಿ ವುಲ್ಫ್, ನ್ಯಾನ್ಸಿ ಹೆನ್ನಿಂಗ್ಸ್ ಎಂಬಿಬ್ಬರು ‘ಟಿಬೆಟನ್ ಬೆಲ್ಸ್’ ಎಂಬ ಧ್ವನಿಮುದ್ರಿಕೆ ತಂದ ನಂತರ ಅದರ ಖ್ಯಾತಿ ಹಬ್ಬಿತು. ಕೇಳಲು ಹಿತವಾಗಿದೆ, ಕೊಳ್ಳುವವರು ಕೊಳ್ಳಲಿ. ಟಿಬೆಟಿನ ಪರಂಪರೆ ಎಂದು ಮಾತ್ರ ತಿಳಿಯುವುದು ಬೇಡ.

ಇನ್ನು ಮೌನ. ಈ ಕಥೆಯಲ್ಲೂ ಒಬ್ಬರು ಭಾರತೀಯರಿದ್ದಾರೆ. 1946ರಲ್ಲಿ ಅಹಮದಾಬಾದಿನ ಗೀತಾ ಸಾರಾಭಾಯಿ ನ್ಯೂಯಾರ್ಕಿಗೆ ಹೋಗಿ ಅಮೆರಿಕದ ಸಂಗೀತ ರಚನಕಾರ ಜಾನ್ ಕೇಜ್‌ಗೆ ಭಾರತೀಯ ಸಂಗೀತ ಹೇಳಿಕೊಟ್ಟು, ಅವರಿಂದ ಪಾಶ್ಚಾತ್ಯ ಸಂಗೀತ ಕಲಿತರು. ಸಂಗೀತ ಇರುವುದು ಮನಸ್ಸನ್ನು ತಿಳಿಗೊಳಿಸಲಿಕ್ಕೆ ಎಂಬ ತಮ್ಮ ಗುರುವಿನ ಮಾತನ್ನೂ ದಾಟಿಸಿದರು. ಆಮೇಲೆ ಕೇಜ್ ಡಿ.ಟಿ. ಸುಜುಕಿಯವರ ಝೆನ್ ಉಪನ್ಯಾಸಗಳಿಗೆ ಹೋದರು. 1952ರ ಆಗಸ್ಟ್ 29ರಂದು ವುಡ್‌ಸ್ಟಾಕಿನ ಕಾಡಿನ ನಡುವಿನ ಮೇವರಿಕ್ ಸಭಾಂಗಣದಲ್ಲಿ ಡೇವಿಡ್ ಟ್ಯೂಡರ್ ಪಿಯಾನೋ ಮುಂದೆ ಕುಳಿತು ನಾಲ್ಕು ನಿಮಿಷ ಮೂವತ್ಮೂರು ಸೆಕೆಂಡು ಒಂದು ಸ್ವರವನ್ನೂ ನುಡಿಸಲಿಲ್ಲ. ಮೊದಲ ಭಾಗದಲ್ಲಿ ಹೊರಗಿನ ಗಾಳಿ, ಎರಡನೆಯದರಲ್ಲಿ ಚಾವಣಿಯ ಮೇಲೆ ಮಳೆಹನಿ, ಮೂರನೆಯದರಲ್ಲಿ ಸಿಟ್ಟಾದ ಜನರ ಗೊಣಗಾಟ ಕೇಳಿತೆಂದು ಕೇಜ್ ನೆನೆಯುತ್ತಿದ್ದರು. ಹೆಂಚಿನ ಮನೆಯಲ್ಲಿ ಆಷಾಢ ಕಳೆದ ಇದೇ ಜಿಲ್ಲೆಯ ಜೊಯಿಡಾದವರಿಗೆ ಎರಡನೆಯ ಭಾಗ ಚೆನ್ನಾಗಿ ಗೊತ್ತು. ಅವರಿಗೆ ಅದು ನಾಲ್ಕು ತಿಂಗಳ ಕಛೇರಿ.

ಕಾಳಿ ಕಣಿವೆಯ ಕಾಡು ಕೂಡ ಮುಂಡಗೋಡದ ಮಂದಿರದಷ್ಟೇ ಸದ್ದಿನದು. ದಾಂಡೇಲಿಯ ಕಾಡಿನಲ್ಲಿ ನಾಲ್ಕು ಜಾತಿಯ ಮಂಗಟ್ಟೆ ಹಕ್ಕಿಗಳಿವೆ. ದೊಡ್ಡ ಮಂಗಟ್ಟೆ ಮೇಲೆ ಹಾರಿದರೆ ಹಳೆಯ ಉಗಿಬಂಡಿ ಏದುಸಿರು ಬಿಟ್ಟಂತೆ ಕೇಳುತ್ತದೆ. ಅದು ಕಂಠದ ಸದ್ದಲ್ಲ. ಬೇರೆ ಹಕ್ಕಿಗಳ ರೆಕ್ಕೆಯ ಅಡಿಯಲ್ಲಿ ದೊಡ್ಡ ಗರಿಗಳ ಬುಡ ಮುಚ್ಚುವ ಸಣ್ಣ ಗರಿಗಳು ಮಂಗಟ್ಟೆಗೆ ಇಲ್ಲದ್ದರಿಂದ ಗಾಳಿ ಸಂದಿಯಲ್ಲಿ ನುಗ್ಗಿ ಸುಯ್ಯುತ್ತದೆ. ಫ್ರಾನ್ಸಿನ ಒಲಿವಿಯೆ ಮೆಸ್ಸಿಯಾನ್ ಜೀವನವಿಡೀ ಹಕ್ಕಿಗಳ ಕೂಗನ್ನು ಬರೆದುಕೊಂಡು ಪಿಯಾನೋಗೆ ತಂದವರು. ಅವರ ಲಯಗಳಲ್ಲಿ ದೇವಗಿರಿಯ ಆಸ್ಥಾನದ ಶಾರ್ಙ್ಗದೇವ 13ನೇ ಶತಮಾನದ ‘ಸಂಗೀತರತ್ನಾಕರ’ದಲ್ಲಿ ಪಟ್ಟಿ ಮಾಡಿದ 120 ದೇಶೀತಾಳಗಳಲ್ಲಿ ಹಲವು ಸೇರಿವೆ. ಅವರು ದಾಂಡೇಲಿಗೆ ಬಂದಿದ್ದರೆ ಪಿಯಾನೋ ಬದಿಗಿಟ್ಟು ತಿದಿ ಹುಡುಕಬೇಕಾಗುತ್ತಿತ್ತು.

ನಿಸರ್ಗವೆಂದು ನಾವು ಕರೆಯುವುದೂ ಅಷ್ಟು ಸರಳವಲ್ಲ. ಗಣೇಶಗುಡಿಯಲ್ಲಿ ಕಾಳಿಯ ಭೋರ್ಗರೆತಕ್ಕೆ ಮನಸೋತವರು ಕೇಳುತ್ತಿರುವುದು ಬಹುಪಾಲು ವಿದ್ಯುತ್ ನಿಗಮದ ವೇಳಾಪಟ್ಟಿಯನ್ನು. ಮೇಲ್ಗಡೆ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟಿನಿಂದ ವಿದ್ಯುತ್ತಿಗಾಗಿ ನೀರು ಬಿಟ್ಟಾಗ ಹೊಳೆ ಮಾತಾಡುತ್ತದೆ, ರಾಫ್ಟಿಂಗ್ ದೋಣಿಗಳೂ ಆಗಲೇ ಇಳಿಯುವುದು. ನೀರು ನಿಂತರೆ ಬಂಡೆಗಳ ಮೌನ. ಜೊಯಿಡಾ ತಾಲ್ಲೂಕಿಗೆ ಮೊದಲು ಹೆಸರು ಕೊಟ್ಟಿದ್ದ ಸೂಪಾ ಊರು ಆ ಜಲಾಶಯದ ತಳದಲ್ಲಿದೆ. ಇತ್ತ ಹಳಿಯಾಳದ ಸಿದ್ದಿಗಳ ಡಮಾಮ್ ಬಡಿತ ಶುರುವಾದರೆ ಕುಳಿತು ಧ್ಯಾನಿಸುವ ಮಾತೇ ಇಲ್ಲ, ಎದ್ದು ಕುಣಿಯಬೇಕು.

ಮತ್ತೆ ಮುಂಡಗೋಡಕ್ಕೆ ಬರೋಣ. ಇಲ್ಲಿನ ಡ್ರೆಪುಂಗ್ ಲೋಸೆಲಿಂಗ್ ಮಠದ ಎಂಟು-ಹತ್ತು ಭಿಕ್ಷುಗಳ ತಂಡ ಮರಳ ಮಂಡಲ, ಪಠಣ, ಕಹಳೆಗಳೊಂದಿಗೆ ಅಮೆರಿಕದ ಸಭಾಂಗಣಗಳನ್ನು ಸುತ್ತುತ್ತದೆ. ಅಲ್ಲಿ ಅದಕ್ಕೆ ಟಿಕೆಟ್ ಇದೆ. ಮುಂಡಗೋಡದಲ್ಲಿ ಇಲ್ಲ. ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಸುಮಾರು 50 ಕಿಲೋಮೀಟರ್. ವಿದೇಶಿಯರು ವಸಾಹತು ಪ್ರವೇಶಿಸಲು ಕೇಂದ್ರದ ಪರವಾನಗಿ ಪಡೆಯಬೇಕು, ನಮಗೆ ಅದು ಬೇಡ. ಫೆಬ್ರುವರಿ ಅಥವಾ ಮಾರ್ಚಿನಲ್ಲಿ ಬರುವ ಲೋಸಾರ್, ಅಂದರೆ ಟಿಬೆಟಿಯನ್ ಹೊಸವರ್ಷದ ದಿನಗಳು ಒಳ್ಳೆಯ ಸಮಯ. ಚಪ್ಪಲಿ ಹೊರಗೆ ಬಿಟ್ಟು, ಫೋನು ಆರಿಸಿ, ಭಿಕ್ಷುಗಳ ಸಾಲುಗಳಿಂದ ದೂರ ಗೋಡೆಯ ಬದಿಗೆ ಕುಳಿತುಕೊಳ್ಳಿ. ಮೊದಲು ತಳದ ಷಡ್ಜವನ್ನು ಹಿಡಿಯಿರಿ. ಅದು ಕಿವಿಗೆ ನೆಲೆಯಾದ ಮೇಲೆ ಗಾಂಧಾರ ಹುಡುಕಿ. ಸಿಗಲು ಹತ್ತು ನಿಮಿಷವಾದರೂ ಬೇಕು.